ಎಡತೋಳು

ಶೆಪಾರ್ಟನ್ನಿನಲ್ಲಿ ಏಪ್ರಿಲ್ ಎಂದರೆ ಎಲೆ ಉದುರುವ ಕಾಲ.
ಗೋಡೆಯ ಪಂಚಾಂಗ ವೈಶಾಖ ಅನ್ನುತ್ತದೆ,
ಪೇರ್ ತೋಟದ ಮಂಜು ನಂಬುವುದಿಲ್ಲ.

ಬೆಳಗಿನ ಐದೂವರೆಗೆ ಕ್ಲಿನಿಕ್ಕಿನ ಫ್ರಿಜ್ಜಿನ ಮುಂದೆ ನಿಂತು
ಕೆಂಪು ಅಂಕಿ ಓದುತ್ತೇನೆ: ನಾಲ್ಕು.
ಎರಡಕ್ಕೆ ಇಳಿಯಬಾರದು, ಎಂಟು ದಾಟಬಾರದು.
ಹೆಪ್ಪಿಟ್ಟ ಹಾಲನ್ನೂ ನಾನು ಇಷ್ಟು ಕಾದವಳಲ್ಲ.
ನೀಲಿ ಪೆಟ್ಟಿಗೆಗೆ ಐಸಿನ ಇಟ್ಟಿಗೆ, ಮೇಲೊಂದು ಬಟ್ಟೆ,
ಅರವತ್ತು ಸೂಜಿ, ಹತ್ತಿ, ಒಂದು ಡಬ್ಬಿ ಬಿಸ್ಕತ್ತು.
ಬಿಸಿಲಿರುವಾಗಲೇ ಸಂಡಿಗೆ ಇಡಬೇಕು,
ಮೋಡ ಕಟ್ಟಿದ ಮೇಲೆ ಹಿಟ್ಟು ಕಲಸಿ ಏನು ಬಂತು?

ಹಣ್ಣಿನ ಷೆಡ್ಡಿನ ಬೆಲ್ಟು ನಿಲ್ಲುವುದು ಇಪ್ಪತ್ತೇ ನಿಮಿಷ.
ಅದರಲ್ಲೇ ಚಹಾ, ಸಿಗರೇಟು, ಫೋನು, ನಾನು.
"ಯಾವ ತೋಳು?"
"ಕ್ರೇಟು ಎತ್ತದ್ದು."
"ಎರಡರಲ್ಲೂ ಎತ್ತುತ್ತೇನಲ್ಲ" ಎಂದು ನಗುತ್ತಾನೆ ಹಮೀದುಲ್ಲಾ.

ಬಾಯಿ ಹೇಳದ್ದನ್ನು ತೋಳು ಹೇಳುತ್ತದೆ:
ಬಿಟ್ಟು ಹೋದವಳ ಹೆಸರು, ಅದರ ಮೇಲೆ ಹಚ್ಚೆಯ ಗುಲಾಬಿ;
ಕೊಂಬೆ ಗೀರಿದ ಬಿಳಿ ಗೆರೆ;
ನನಗಿರುವಂಥದೇ ದಾಕಿನ ಗುರುತು,
ಕಾಬೂಲಿನದೂ ಕಂಪ್ಲಿಯದೂ ಒಂದೇ ಅಚ್ಚು.

ಫೋರ್ಕ್‌ಲಿಫ್ಟಿನ ಡ್ಯಾರಿಲ್ ಮಾತ್ರ ಕೈಕಟ್ಟಿ ದೂರ.
ಹೋದ ಸಲ ಚುಚ್ಚಿಸಿಕೊಂಡೇ ಮಲಗಿದೆ ಅನ್ನುತ್ತಾನೆ.
ತೋಳು ನೋಯುತ್ತದೆ ಮಾರಾಯ, ಒಂದು ದಿನ, ಎರಡು;
ಮೈಕೈ ಭಾರವೆನಿಸಬಹುದು.
ಅದು ಬೇರೂರಲು ಎರಡು ವಾರ ಬೇಕು,
ಅದಕ್ಕೇ ಈಗ ಬಂದದ್ದು, ಜೂನಿನಲ್ಲಿ ಅಲ್ಲ.
"ನೆಗಡಿ ತಾನೇ" ಅನ್ನುತ್ತಾನೆ.

ನೆಗಡಿ ತಾನೇ.
ಹೋದ ಜುಲೈನಲ್ಲಿ ನಾನೂ ಅದನ್ನೇ ಅಂದಿದ್ದೆ.
ಗಂಟಲಲ್ಲೊಂದು ಕೆರೆತ, ಅಷ್ಟೆ. ರಜೆ ಹಾಕಲಿಲ್ಲ.
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾದೀತೇ
ಎಂಬ ಅಜ್ಜಿಯ ಮಾತನ್ನೇ ಮಾಸ್ಕಿನ ಬದಲು ಕಟ್ಟಿಕೊಂಡು
ಲೂಲೆಯ ಮನೆಗೆ ಹೋದೆ, ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಲು.
ಮೂವತ್ತು ವರ್ಷ ಇದೇ ಬೆಲ್ಟಿನಲ್ಲಿ ಹಣ್ಣು ಆರಿಸಿದವಳು.
ಕೈ ತೊಳೆದೆ. ಬಗ್ಗಿದೆ.
ಕೆಮ್ಮಿದ್ದು ಮೊಣಕೈಗೇ,
ಆದರೂ.

ಐದನೆಯ ದಿನ ಮಗಳ ಫೋನು, ಆಸ್ಪತ್ರೆಯಿಂದ.
ಹನ್ನೆರಡು ದಿನ ಆಕ್ಸಿಜನ್.
ನನ್ನಿಂದ ಎಂದು ಯಾರೂ ಅನ್ನಲಿಲ್ಲ.
ಮೊಮ್ಮಗನಿಂದಿರಬಹುದು, ಬಸ್ಸಿನಿಂದ, ಬೇಕರಿಯ ಸಾಲಿನಿಂದ.
ಗಾಳಿಗೆ ರಸೀದಿ ಇಲ್ಲ.

ಬದುಕಿದಳು.
ಮೊನ್ನೆ ಸೋಮವಾರ ಕಪ್ಪು ಸ್ವೆಟರಿನ ತೋಳು ಮಡಚಿ
"ನಿನ್ನದಾಯಿತೇ ಮೊದಲು?" ಎಂದಳು.
ತೋರಿಸಿದೆ. ದುಂಡನೆಯ ಪ್ಲಾಸ್ಟರ್, ಇನ್ನೂ ಅಂಟಿಕೊಂಡಿತ್ತು.
ಕಣ್ಣು ಕಿರಿದು ಮಾಡಿ ನೋಡಿದಳು,
ಕೊಳೆತ ಪೇರ್ ಹುಡುಕುವವಳ ಹಾಗೆ.
ಆಮೇಲೆ ತನ್ನ ತೋಳು ಕೊಟ್ಟಳು.

ಡ್ಯಾರಿಲ್‌ಗೆ ಇದನ್ನೆಲ್ಲ ಹೇಳಲಿಲ್ಲ.
ಗಂಟೆ ಬಾರಿಸಿತು. ಬೆಲ್ಟು ಹೊರಟಿತು.
ಪೆಟ್ಟಿಗೆ ಮುಚ್ಚುವಾಗ ಬಂದು ಎರಡು ಬಿಸ್ಕತ್ತು ಎತ್ತಿಕೊಂಡ,
ಬೆನ್ನು ತಿರುಗಿಸಿಯೇ ಕೇಳಿದ:
ಅಮ್ಮ ಮೂರೂಪ್ನಾದಲ್ಲಿ, ಎಂಬತ್ತನಾಲ್ಕು, ಉಬ್ಬಸ.
ಗುರುವಾರ ಬರುತ್ತೀಯಾ? ಮನೆಗೆ?

ಬರುತ್ತೇನೆ.
ನೀನೂ ಇರು.

ಉಳಿದದ್ದು ಒಂಬತ್ತು ಸೂಜಿ.
ಪೆಟ್ಟಿಗೆಯ ಅಂಕಿ: ಐದು.