ಈಗಿರುವ ಜಾಗ

ನಮ್ಮ ಕಂಪ್ಯೂಟರಿನ ಪ್ರಕಾರ
ನೂರ ಹನ್ನೆರಡನೇ ಪೆಟ್ಟಿಗೆ
ಹನ್ನೊಂದು ವರ್ಷದಿಂದ ಪ್ರಯಾಣದಲ್ಲಿದೆ.

ವಿರಾಜಪೇಟೆಯಿಂದ ಮಡಿಕೇರಿಗೆ
ಎಷ್ಟು ನಿಧಾನ ಬಂದರೂ,
ಮೂರ್ನಾಡಿನಲ್ಲಿ ಇಳಿದು ಕಾಫಿ ಕುಡಿದು
ಕಂಡವರನ್ನೆಲ್ಲ ಮಾತಾಡಿಸಿ ಹೊರಟರೂ
ಎರಡು ಗಂಟೆಯ ದಾರಿ.

ಪೆಟ್ಟಿಗೆ ಹೊರಟರೆ ಒಳಗಿನವೂ ಹೊರಟ ಲೆಕ್ಕ,
ಬಸುರಿ ಬಸ್ಸು ಹತ್ತಿದರೆ ಕೂಸಿಗೆ
ಬೇರೆ ಟಿಕೆಟ್ ಇಲ್ಲವಲ್ಲ, ಹಾಗೆ.
ಅಂದಮೇಲೆ
ಹಿಡಿಯ ಬೆಳ್ಳಿ ಸವೆದ ಪೀಚೆಕತ್ತಿ,
ಕತ್ತಿಯೇ ಇಲ್ಲದ ತೋಡಂಗು,
ಚರ್ಮ ಬಿರಿದ ದುಡಿ,
ಪುತ್ತರಿಯ ಭತ್ತ ಅಳೆದ ಕುತ್ತಿ,
ಹಾಡಿಯಲ್ಲಿ ಯಾರೋ ಹೆಣೆದ, ಹೆಸರು ಬರೆದುಕೊಳ್ಳದ,
ಮೀನು ಹಿಡಿಯುವ ಕೂಳಿ,
ಒಟ್ಟು ಇಪ್ಪತ್ತಮೂರು ವಸ್ತು
ಇನ್ನೂ ಯಾವುದೋ ತಿರುವಿನಲ್ಲಿ
ಲಾರಿಯಲ್ಲಿ ಕುಲುಕುತ್ತಿವೆ.

ಹಾಗೆ ದಾಖಲಿಸಿದವರು ಚೋಂದಮ್ಮ ಮೇಡಂ.
ನಿವೃತ್ತಿಯ ದಿನ, ಸಂಜೆ ನಾಲ್ಕು ಐವತ್ತೆಂಟಕ್ಕೆ.
ಫೋನು ಮಾಡಿದೆ.
‘ತಲುಪಿದ ಮೇಲೆ ತಿದ್ದೋಣ ಅಂತಿದ್ದೆ ಮಗಳೇ,
ಮಾರನೇ ದಿನ ನನ್ನ ಪಾಸ್‌ವರ್ಡ್ ಸತ್ತಿತ್ತು.’

ಆಡಿಟ್ಟಿನವರು ಕೇಳಿದರು, ಕಳುವೇ?
ನಾನೆಂದೆ, ಇಲ್ಲ ಸಾರ್, ಬರ್ತಾ ಇದೆ.

ಮೂರು ವಾರ ಹುಡುಕಿದೆ.
ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ,
ಮುರಿದ ಗಾಜಿನ ಶೋಕೇಸುಗಳ ಸಂದಿಯಲ್ಲಿ
ಟಾರ್ಚು ಕಚ್ಚಿಕೊಂಡು ತೆವಳಿದೆ.
ದಿನಾ ಬೆಳಿಗ್ಗೆ ಗೋದಾಮಿನ ಬೀಗದ ಕೈಗೆ
ವಾಚ್‌ಮನ್ ಪಳಂಗಪ್ಪನವರ ಮುಂದೆ ನಿಲ್ಲುತ್ತಿದ್ದೆ.
ಅವರು ಏಳುವರು, ಕೊಡುವರು,
ಮತ್ತೆ ಕೂರುವರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ.
ನಮ್ಮ ಕೂಸು ಕಂಕುಳಲ್ಲಿರಲಿಲ್ಲ, ಅಷ್ಟೆ ವ್ಯತ್ಯಾಸ.

ಸೋದರಳಿಯನ ಮದುವೆಗೆಂದು ಅವರು ರಜೆ ಹಾಕಿದ ಗುರುವಾರ
ಬಾಗಿಲ ಬಳಿ ಮಡಿಸಿದ ಕಂಬಳಿಯೊಂದೇ ಕೂತಿತ್ತು.
ಎತ್ತಿದೆ.
ಯಾವ ಕಾಲದ್ದೋ ಕಿತ್ತಳೆ ಪೆಟ್ಟಿಗೆ, ಹಲಗೆಯ ಮೇಲೆ
ಬೆಳೆಗಾರರ ಸಂಘದ ಅರ್ಧ ಅಳಿದ ಮುದ್ರೆ,
ಮುದ್ರೆಯ ಮೇಲೆ ಬಿಳಿ ಬಣ್ಣದಲ್ಲಿ
೧೧೨.

ಕೊಂಡಿ ತೆಗೆದು ಎಣಿಸಿದೆ.
ಇಪ್ಪತ್ತನಾಲ್ಕು.
ಮತ್ತೆ ಎಣಿಸಿದೆ.
ಹೆಚ್ಚಿನದು, ಬಟ್ಟೆಯಲ್ಲಿ ಕಟ್ಟಿದ ಕರಿಮೆಣಸು.
ಹುಳ ಬಾರದಿರಲೆಂದು. ಘಾಟು ಮೂಗಿಗೆ ಬಡಿಯಿತು:
ಈ ವರ್ಷದ್ದೇ ಬೆಳೆ.

ಶನಿವಾರ ಕೇಳಿದೆ. ಪಳಂಗಪ್ಪ
ಮದುವೆಯೂಟದ ಆಲಸ್ಯದಲ್ಲೇ ಹೇಳಿದರು:
‘ಲಾರಿಯವ ಇಳಿಸಿದ. ಯಾರಾದ್ರೂ ಬರೋ ತನಕ
ನೋಡಿಕೋ ಅಂದ. ನೋಡಿಕೊಂಡೆ.
ನೀವು ದಿನಾ ಕೀಲಿ ಕೇಳಿದ್ರಿ,
ಪೆಟ್ಟಿಗೆ ಎಲ್ಲಿ ಅಂತ ಕೇಳಲೇ ಇಲ್ಲ.’

‘ಹಿಂದಿನ ಜಾಗ’ ಖಾಲಿ ಬಿಟ್ಟರೆ
ಕಂಪ್ಯೂಟರು ಮುಂದಕ್ಕೆ ಬಿಡುವುದಿಲ್ಲ.
ಅದು ಕೊಡುವ ಪಟ್ಟಿ ನೋಡಿದೆ:
ಕಪಾಟು, ಕೊಠಡಿ, ಪ್ರದರ್ಶನ, ಎರವಲು,
ಪ್ರಯಾಣ, ಕಾಣೆ.
ಪಳಂಗಪ್ಪನವರ ಕೆಳಗೆ ಎಂಬುದು
ಅದರಲ್ಲಿ ಇರಲಿಲ್ಲ.
ಕೊನೆಗೆ ‘ಪ್ರದರ್ಶನ’ ಒತ್ತಿದೆ,
ಹನ್ನೊಂದು ವರ್ಷ ಎಲ್ಲರ ಕಣ್ಣೆದುರೇ ಇತ್ತಲ್ಲ.

ಒಂದೇ ಒತ್ತಿಗೆ ಇಪ್ಪತ್ತಮೂರೂ
ಲಾರಿಯಿಂದ ಇಳಿದು ಕಪಾಟು ಬಿ-೪ ಸೇರಿದವು.
ಮೆಣಸಿಗೂ ಒಂದು ಸಂಖ್ಯೆ ಕೊಟ್ಟೆ,
ಕೊಟ್ಟವರ ಹೆಸರು ಸಮೇತ.

ಸೋಮವಾರ ನೋಡುತ್ತೇನೆ,
ಕಂಬಳಿ ಹೆಗಲಿಗೆ ಹಾಕಿಕೊಂಡು
ಬಾಗಿಲಲ್ಲಿ ನಿಂತೇ ಇದ್ದಾರೆ.

ಮಧ್ಯಾಹ್ನ ಹೊಸ ದಾಖಲೆ ತೆರೆದೆ.
ಪೆಟ್ಟಿಗೆ ೧೧೩.
ಒಳಗಿರುವುದು: ಏನಿಲ್ಲ.
ಈಗಿರುವ ಜಾಗ: ಬಾಗಿಲ ಬಳಿ.
ಷರಾ: ಯಾರೂ ಸ್ಥಳಾಂತರಿಸತಕ್ಕದ್ದಲ್ಲ.