ಮೂಲ್ಯಾಗಿನ ನೇರಳೆ

ಆಟ ಈಗ ಭಾಳ ಚೊಕ್ಕ ಕಾಣತೈತಿ.
ಅದೇ ತಕರಾರು.
ಟ್ಯಾಂಕಿನ ಮೂತಿ ಮೂರು ಚೌಕ, ಗುಂಡು ಒಂದು ಚೌಕ,
ಗ್ವಾಡಿಯ ಇಟ್ಟಂಗಿ ಎಣಸಬಹುದು.
ಇಷ್ಟು ಸ್ವಚ್ಛ ನಾವು ಯಾವತ್ತೂ ಆಡಿಲ್ಲ
ಬನಹಟ್ಟ್ಯಾಗ, ಎಂಟಾಣೆಗೆ ಹತ್ತು ನಿಮಿಷದ ಪಾರ್ಲರಿನ್ಯಾಗ.

ಅದಕ್ಕ ಶೇಡರ್ ಹಾಕಾಕತ್ತೀನಿ, ಒಂದರ ಮ್ಯಾಲೊಂದು.
ಮೊದಲ ಅಡ್ಡಗೆರಿ, ಹೊಕ್ಕಿನ ಎಳಿಯಂಗ ಕರ್ರಗ.
ಆಮ್ಯಾಲೆ ಕೆಂಪು ಹಸಿರು ನೀಲಿ ಚುಕ್ಕಿಯ ಜಾಳಿಗಿ.
ಆಮ್ಯಾಲೆ ಬಣ್ಣ ಅಂಚು ದಾಟಿ ಸೋರೋದು,
ಹೊಸ ಸೀರಿ ಮೊದಲನೇ ನೀರಿಗೆ ಬಿಟ್ಟಂಗ.
ಕಡೀಕ ಗಾಜಿನ ಹೊಟ್ಟಿ ಉಬ್ಬಸೋದು.
ಸಾಲು ತಪ್ಪಿದ್ರ ಕೆಟ್ಟತು:
ಮೊದಲ ಬಾಗಿಸಿ ಆಮ್ಯಾಲೆ ಗೆರಿ ಎಳದ್ರ
ಸೊಟ್ಟ ಗ್ವಾಡಿಗೆ ನೆಟ್ಟಗ ಹೊಡದ ಸುಣ್ಣದ ಪಟ್ಟಿ.

ನಾಕೂ ಕೂಡಿಸಿ, ಹೆಸರಿಟ್ಟು, ಉಳಿಸಿ ನೋಡಿದೆ.
ಟಿವಿ ಹೌದು.
ಆ ಟಿವಿ ಅಲ್ಲ.

ರಾಜೇಸಾಬ ಕಾಕಾನ್ನ ಕರಕೊಂಡು ಬಂದೆ.
ನಲವತ್ತು ವರ್ಷ ಟಿವಿ ಬಿಚ್ಚಿದ ಕೈ,
ಈಗ ಮಗನ ಮೊಬೈಲ್ ಅಂಗಡ್ಯಾಗ ಸ್ಟೂಲಿನ ಮ್ಯಾಲೆ ಸುಮ್ಮನ ಕುಂತಿರತೈತಿ.
ಕನ್ನಡಕ ಏರಿಸಿ ನೋಡಿದ್ರು, ಇಳಿಸಿ ನೋಡಿದ್ರು.
"ಈ ಗೆರಿ ಹೋಗಸಾಕ ನಾ ಮೂವತ್ತು ರೂಪಾಯಿ ತಗೊಂತಿದ್ದೆ.
ಬಣ್ಣ ಸೋರಿದ್ರ ಅರವತ್ತು.
ನೀ ಕರೆಂಟ್ ಸುಟ್ಟು ಜಡ್ಡು ಒಳಗ ಹಾಕಾಕತ್ತೀಯಲ್ಲೋ?"

ನಾ ನಕ್ಕು ಮುಗಿಸೋದ್ರಾಗ ಅವರೇ ಮುಂದ ಬಾಗಿ
"ಹೊಳಪು ಇಳಸು. ಇನ್ನಷ್ಟು.
ಮಗ್ಗ ಎಲ್ಲಾ ಚಾಲೂ ಇದ್ದಾಗ ನಿಮ್ಮ ಓಣ್ಯಾಗ ವೋಲ್ಟೇಜ್ ಎಲ್ಲಿತ್ತು?
ಚಿತ್ರ ಎರಡೂ ಕಡಿಂದ ಒಂದೊಂದು ಬೆರಳು ಕುಗ್ಗಬೇಕು."
ಕುಗ್ಗಿಸಿದೆ.
ನನ್ನ ಹೆಬ್ಬೆರಳಿಗೆ ತಾನೇ ನೆನಪಾತು
ಆ ಕೆಂಪು ಗುಂಡಿ ಒತ್ತಿದ್ರ ಸಾಲಂಗಿಲ್ಲ, ಗುದ್ದಬೇಕು.

"ಒಂದು ಉಳದೈತಿ," ಅಂದ್ರು ಕಾಕಾ.
"ಬಲಕ್ಕ, ಮ್ಯಾಲಿನ ಮೂಲ್ಯಾಗ, ನೇರಳೆ ಕಲೆ.
ಮೂರು ಸಲ ಕಾಯಿಲ್ ತಿರುವಿ ತಗದೆ, ಮೂರು ಸಲ ಬಂತು.
ಯಾಕಂತ ತಿಳಿಲೇ ಇಲ್ಲ."

ಗೌರಕ್ಕ ಅಷ್ಟೊತ್ತೂ ಬಾಗಿಲದಾಗ ನಿಂತು
ಶೇಂಗಾ ಸುಲೀತಿದ್ಲು.
"ನಾನ," ಅಂದ್ಲು.
"ಒಡದ ರೇಡಿಯೋದ ಅಯಸ್ಕಾಂತ ಹಿಡಕೊಂಡು
ಹಿಂದಿನ ಕಿಡಕ್ಯಾಗ ಕೈ ಹಾಕತಿದ್ದೆ.
ಹುಡುಗ್ಯಾರನ್ನ ಒಳಗ ಬಿಡತಿದ್ದಿಲ್ಲಲ್ಲ.
ನಾನೂ ಬಂದಿದ್ದೆ ಅಂತ ಒಂದು ಗುರ್ತು ಇರ್ಲಿ ಅಂತ."

ಶೇಂಗಾ ಸಿಪ್ಪಿ ಸಪ್ಪಳ.
"ಮೂರು ಸಲಕ್ಕ ನೂರಾ ಐವತ್ತು ತಗೊಂಡೀನಿ," ಅಂದ್ರು ಕಾಕಾ,
"ಅರ್ಧ ನಿಂದವ್ವ."

ನೇರಳೆಗೆ ಶೇಡರ್ ಎಲ್ಲೂ ಸಿಗಲಿಲ್ಲ, ನಾನೇ ಬರದೆ,
ಹನ್ನೊಂದು ಸಾಲು.
ಕಡೀಕ ಸೇರಿಸಿದ್ರ ಗಾಜಿನ ಮ್ಯಾಲೆ ಶಾಯಿ ಚೆಲ್ಲಿದಂಗಾತು.
ಜಾಳಿಗಿಗಿಂತ ಮೊದಲ ಇಟ್ಟೆ.
ಆಗ ಒಳಗಿಂದ ಬಂತು.

ಅಕ್ಕ ಸೆರಗಿಗೆ ಕೈ ಒರಸಿಕೊಂಡು
ಎರಡನೇ ಜಾಯ್‌ಸ್ಟಿಕ್ ಹಿಡದ್ಲು, ಜೀವಮಾನದಾಗ ಮೊದಲನೇ ಸಲ.
ಒಂದು ನಿಮಿಷಕ್ಕ ಮೂರೂ ಟ್ಯಾಂಕ್ ಕಳಕೊಂಡ್ಲು.
"ಮೊದಲ ಇದನ್ನೆಲ್ಲಾ ತಗಿ.
ಗುಂಡು ಎಲ್ಲಿಂದ ಬರತೈತಿ ನನಗ ಕಾಣಬೇಕು."

ತಗದೆ. ಗಾಜು, ಸೋರಿಕಿ, ಜಾಳಿಗಿ, ನೇರಳೆ, ಗೆರಿ.

ಕಾಕಾ ಹೊಂಟು ನಿಂತ್ರು.
ಚಪ್ಪಲಿ ಹುಡುಕಾಕ ನಾ ಎದ್ದೆ.
ಅಕ್ಕ ತಿರುಗಿ ನೋಡಲಿಲ್ಲ,
ಎರಡನೇ ಹಂತದಾಗಿದ್ಲು.