ಒಂದು ತಾಸು

ಮಂಡಿಪೇಟೆಯ ಅಂಗಡಿ ಹುಡುಗ
ಚಂದ್ರನ ತನಕ ಜೂಮ್ ಎಳೆದು ತೋರಿಸಿದ.
ಚಂದ್ರನಲ್ಲಿ ನಮಗೇನು ಕೆಲಸ?
ಒಂದು ತಾಸು ಕೊಡು ತಮ್ಮಾ ಅಂತ
ಬಾಷಾ ನಗರದ ಭಟ್ಟಿಗೇ ತಂದೆ.

ಮಂಡಕ್ಕಿ ಭಟ್ಟಿಯ ಒಳಗೋಡೆ:
ಮಸಿಯ ಮೇಲೆ ಮಸಿ, ಮೂವತ್ತು ವರ್ಷದ್ದು.
ಹಳೇ ಫೋನಿಗೆ ಅದು ಬರೀ ಕತ್ತಲು;
ಇದು ಒಂದೊಂದೇ ಪದರ ಬಿಡಿಸಿ ಕೊಟ್ಟಿತು.
ಬಾಣಲೆಯಿಂದ ಹಾರಿದ ಮಂಡಕ್ಕಿ
ಗಾಳಿಯಲ್ಲೇ ನಿಂತಿತು, ಎಣಿಸುವಷ್ಟು.
ಪಾಸು, ಅಂದುಕೊಂಡೆ.

ಆಮೇಲೆ ಮಹಬೂಬಿಯ ಕಡೆ ತಿರುಗಿಸಿದೆ.
ಕೆನ್ನೆಯ ಸುಟ್ಟ ಕಲೆ ಇಲ್ಲ.
ಬಿಸಿ ಮರಳು ಸಿಡಿದ ಆ ದಿನವೇ ಇಲ್ಲ.
ಗೋಡೆಯ ಮಸಿಯನ್ನೂ ಬಿಡದೆ ಕಂಡದ್ದು
ಇವಳನ್ನು ಮಾತ್ರ ತೊಳೆದಿತ್ತು.
ಫೇಲು. ವಾಪಸ್ ಕೊಡೋಣ ಅಂದೆ.

ಅವಳು ಸೆರಗಿಗೆ ಕೈ ಒರೆಸಿ
ಎರಡು ಬೆರಳಲ್ಲಿ ಮುಖ ಹಿಗ್ಗಿಸಿ ನೋಡಿದಳು,
ಬಹಳ ಹೊತ್ತು.
“ಇರ್ಲಿ” ಅಂದಳು.

ಎಕ್ಸ್‌ಚೇಂಜಿಗೆ ಆರುನೂರು ಸಿಗುತ್ತಿತ್ತು.
ಹಳೇದನ್ನು ನಾನು ಕೊಡಲಿಲ್ಲ.